ಇಷ್ಟದ ವಿಷಯ ಓದಬೇಕೆನ್ನುವ ಮಗುವಿಗೆ ಕೆರಿಯರ್ ಕೌನ್ಸೆಲಿಂಗ್: ದಾವಣಗೆರೆಯಲ್ಲಿ ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಯುತ್ತಿದ್ದಂತೆ ದಾವಣಗೆರೆಯ ವಿದ್ಯಾನಗರ, ಹದಡಿ ರಸ್ತೆ, ಪಿ.ಜೆ. ಬಡಾವಣೆಯ ಕಡೆ ಕೆರಿಯರ್ ಕೌನ್ಸೆಲಿಂಗ್ ಬ್ಯಾನರುಗಳು ಕಾಣಿಸಿಕೊಳ್ಳುತ್ತವೆ. ಚಿತ್ರದುರ್ಗದಲ್ಲೂ ಇದೇ ಸುಗ್ಗಿ. ಬರೀ ಮಾತುಕತೆಗೆ ಕೆಲವು ನೂರು ರೂಪಾಯಿಯಿಂದ ಹಿಡಿದು ‘ಫುಲ್ ಪ್ಯಾಕೇಜ್’ ಎಂಬುದಕ್ಕೆ ಹಲವು ಸಾವಿರದವರೆಗೆ ಕೇಳುವವರಿದ್ದಾರೆ. ಹೀಗೆ ಬರುವ ಮನೆಗಳಲ್ಲಿ ಒಂದು ಬಗೆಯವರು ಪ್ರತಿ ವರ್ಷವೂ ಇದ್ದೇ ಇರುತ್ತಾರೆ. ಮಗಳಿಗೆ ಇತಿಹಾಸ ಓದಬೇಕು, ಅಪ್ಪನಿಗೆ ಬಿಸಿಎ ಮಾಡಿದರೆ ಕೆಲಸ ಗ್ಯಾರಂಟಿ ಎಂಬ ನಂಬಿಕೆ. ಅಥವಾ ಮಗನಿಗೆ ಚಿತ್ರಕಲೆ, ಅಮ್ಮನಿಗೆ ಇಂಜಿನಿಯರಿಂಗ್ ಸೀಟು. ಈ ವಿಮರ್ಶೆ ಅಂಥ ಮನೆಗಳಿಗಾಗಿ.

ಯಾವ ಕೇಂದ್ರದ ಹೆಸರನ್ನೂ ಇಲ್ಲಿ ಬರೆದಿಲ್ಲ. ಬೋರ್ಡು ಬದಲಾಗುತ್ತಿರುತ್ತದೆ, ಒಳಗೆ ಮಾರುವ ಸರಕು ನಾಲ್ಕೇ ಬಗೆಯದು: ಬೆರಳಚ್ಚಿನ ಟೆಸ್ಟು, ಆಸಕ್ತಿ ಮತ್ತು ಸಾಮರ್ಥ್ಯದ ಟೆಸ್ಟು, ಕೂತು ಮಾತಾಡುವ ಸಲಹೆ, ಕಡೆಯದಾಗಿ ‘ಉಚಿತ’ ಸಲಹೆ. ನಾಲ್ಕನ್ನೂ ಒಂದೇ ಪ್ರಶ್ನೆ ಹಿಡಿದು ನೋಡಿದ್ದೇವೆ. ಒಂದು ವಿಷಯವನ್ನು ಮನಸಾರೆ ಇಷ್ಟಪಟ್ಟು ಬಂದ ಮಗುವಿಗೆ ಇದರಿಂದ ಏನು ಸಿಗುತ್ತದೆ? ಆ ಇಷ್ಟವನ್ನು ಗಂಭೀರವಾಗಿ ತೆಗೆದುಕೊಂಡು ಒರೆಗೆ ಹಚ್ಚಿ, ಅದು ನಿಂತರೆ ದಾರಿ ತೋರಿಸುವ ಸೇವೆಗೆ ಕೊಟ್ಟ ದುಡ್ಡು ಸಾರ್ಥಕ. ‘ಆಸಕ್ತಿ ಹವ್ಯಾಸಕ್ಕಿಟ್ಟುಕೋ, ಹೊಟ್ಟೆಪಾಡಿಗೆ ಕಂಪ್ಯೂಟರ್ ಓದು’ ಎಂದು ಕಳಿಸುವುದಕ್ಕೆ ಫೀಸು ಬೇಕಿಲ್ಲ, ಆ ಮಾತನ್ನು ನೆಂಟರೇ ಹೇಳುತ್ತಾರೆ.

ಇನ್ನೊಂದು ವಿಚಾರ ಮೊದಲೇ ತಿಳಿದಿರಲಿ. ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದು ಕೆಲಸ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ‘ಕೆರಿಯರ್ ಕೌನ್ಸೆಲರ್’ ಎಂದು ಬೋರ್ಡು ಹಾಕಲು ಅಂಥ ಯಾವ ಲೈಸೆನ್ಸೂ ಬೇಕಿಲ್ಲ. ಹಾಗಾಗಿ ಎದುರು ಕೂತವರ ಓದೇನು, ಟೆಸ್ಟು ನಡೆಸುವ ತರಬೇತಿ ಎಲ್ಲಿ ಆಯಿತು ಎಂದು ಕೇಳುವುದು ಅಧಿಕಪ್ರಸಂಗವಲ್ಲ. ನಿಜವಾಗಿ ಓದಿಕೊಂಡವರು ಬೇಸರಪಡದೆ ಹೇಳುತ್ತಾರೆ.

ಬೆರಳಚ್ಚಿನ ಟೆಸ್ಟು

ಇದನ್ನು ಡಿಎಂಐಟಿ ಎನ್ನುತ್ತಾರೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಸ್ಕ್ಯಾನರಿನ ಗಾಜಿನ ಮೇಲೆ ಹತ್ತೂ ಬೆರಳು ಒತ್ತಿಸುತ್ತಾರೆ. ಬೆರಳ ತುದಿಯ ಗೆರೆಗಳನ್ನು ಎಣಿಸುತ್ತಾರೆ, ಕೆಲವರು ಅಂಗೈಯ ಮೂರು ಬಿಂದುಗಳ ನಡುವಿನ ಕೋನವನ್ನೂ ಅಳೆಯುತ್ತಾರೆ. ಕೆಲವು ದಿನಗಳಲ್ಲಿ ಹತ್ತಾರು ಪುಟಗಳ ಬಣ್ಣಬಣ್ಣದ ಪುಸ್ತಿಕೆ ಕೈಗೆ ಬರುತ್ತದೆ. ಮಿದುಳಿನ ಯಾವ ಭಾಗ ಎಷ್ಟು ಶೇಕಡಾ, ಯಾವ ‘ಬುದ್ಧಿಮತ್ತೆ’ ಎಷ್ಟು ಶೇಕಡಾ, ಹೊಂದುವ ಕೋರ್ಸು ಯಾವುದು ಎಂದೆಲ್ಲ ಅದರಲ್ಲಿರುತ್ತದೆ.

ಬೆರಳ ಗೆರೆಗಳು ಗರ್ಭದಲ್ಲೇ, ಸುಮಾರು ಮೂರರಿಂದ ಆರನೆಯ ತಿಂಗಳೊಳಗೆ ಮೂಡುತ್ತವೆ, ಆಮೇಲೆ ಬದಲಾಗುವುದಿಲ್ಲ. ಅಷ್ಟು ನಿಜ. ಆದರೆ ಆ ಗೆರೆಗೂ ಗಣಿತ ಬರುತ್ತದೋ ಇಲ್ಲವೋ ಎಂಬುದಕ್ಕೂ ನಂಟಿದೆ ಎನ್ನಲು ವೈಜ್ಞಾನಿಕ ಆಧಾರವಿಲ್ಲ. ಭಾರತೀಯ ಮನೋವೈದ್ಯಕೀಯ ಸಂಘವೂ ಇದನ್ನೇ ಹೇಳಿದೆ. ಪುಸ್ತಿಕೆಯಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹೋವರ್ಡ್ ಗಾರ್ಡನರ್ ಹೆಸರು ಕಂಡರೆ ಮರುಳಾಗಬೇಡಿ. 1983ರಲ್ಲಿ ಅವರು ಮಂಡಿಸಿದ, ಬುದ್ಧಿ ಒಂದಲ್ಲ ಹಲವು ಬಗೆಯದು ಎನ್ನುವ ಬಹುಬುದ್ಧಿಮತ್ತೆಯ ವಾದದಲ್ಲಿ ಬೆರಳಚ್ಚಿನ ಪ್ರಸ್ತಾಪವೇ ಇಲ್ಲ.

ಇಷ್ಟದ ವಿಷಯ ಹಿಡಿದು ಬಂದ ಮಗುವಿಗೆ ಇದು ಬರೀ ದಂಡ ಆಗಿದ್ದರೆ ಸುಮ್ಮನಿರಬಹುದಿತ್ತು. ಹಾನಿಯೂ ಇದೆ. ‘ಭಾಷಾ ಬುದ್ಧಿ 9 ಶೇಕಡಾ’ ಎಂದು ಅಚ್ಚಾಗಿ ಬಂದರೆ ಕನ್ನಡ ಎಂಎ ಮಾಡಬೇಕೆಂದಿದ್ದ ಹುಡುಗಿ ಅದನ್ನು ಹಣೆಬರಹವೆಂದೇ ನಂಬುತ್ತಾಳೆ. ಬೆರಳು ಬದಲಾಗುವುದಿಲ್ಲವಲ್ಲ! ಚೌಕಾಸಿ ಮಾಡಿ ಅರ್ಧ ರೇಟಿಗೆ ಕೊಟ್ಟರೂ ಬೇಡ. ಪ್ಯಾಕೇಜಿನಲ್ಲಿ ಸೇರಿಕೊಂಡಿದ್ದರೆ ಅದನ್ನು ತೆಗೆದು ಉಳಿದದ್ದಕ್ಕೆ ಎಷ್ಟು ಎಂದು ಕೇಳಿ.

ಆಸಕ್ತಿ ಮತ್ತು ಸಾಮರ್ಥ್ಯದ ಟೆಸ್ಟು

ಇವು ಕೆಲಸಕ್ಕೆ ಬರುವ ಸಾಧನಗಳು. ಕೆಡುವುದು ಬಹುಮಟ್ಟಿಗೆ ನಡೆಸುವ ರೀತಿಯಲ್ಲಿ.

ಆಸಕ್ತಿಯ ಟೆಸ್ಟುಗಳಲ್ಲಿ ಹೆಚ್ಚಿನವು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ ಮಾಡಿದ ಆರು ವಿಭಾಗಗಳ ಮೇಲೆ ನಿಂತಿವೆ: ಕೈಕೆಲಸ, ಶೋಧನೆ, ಕಲೆ, ಜನರೊಡನೆ ಕೆಲಸ, ವ್ಯಾಪಾರ ಮತ್ತು ಮುಂದಾಳುತನ, ಲೆಕ್ಕಪತ್ರ ಮತ್ತು ಶಿಸ್ತು. ಇಂಥ ಒಂದು ಟೆಸ್ಟು ಅಮೆರಿಕ ಸರ್ಕಾರದ ಉದ್ಯೋಗ ಮಾಹಿತಿಯ ಓನೆಟ್ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. 60 ಪ್ರಶ್ನೆ, ಒಂದೊಂದು ವಿಭಾಗಕ್ಕೆ 10. ಉತ್ತರಕ್ಕೆ ಐದು ಮೆಟ್ಟಿಲು, ವಿಭಾಗಕ್ಕೆ ಗರಿಷ್ಠ 40 ಅಂಕ. ಅದರ ಸೂಚನೆಯಲ್ಲೇ ಒಂದು ಮಾತಿದೆ: ಈ ಕೆಲಸಕ್ಕೆ ಎಷ್ಟು ಓದು ಬೇಕು, ಎಷ್ಟು ಸಂಬಳ ಬರುತ್ತದೆ ಎಂದು ಯೋಚಿಸದೆ, ಮಾಡಲು ಇಷ್ಟವೋ ಇಲ್ಲವೋ ಅಷ್ಟನ್ನೇ ಹೇಳು. ಸಂಬಳ ಎಣಿಸುತ್ತ ತುಂಬಿದ ಕಾಗದ ಆಸಕ್ತಿಯ ಬದಲು ಅಪ್ಪನ ಆತಂಕವನ್ನು ಅಳೆದುಕೊಡುತ್ತದೆ. ಆದ್ದರಿಂದ ಟೆಸ್ಟು ಬರೆಯುವಾಗ ತಂದೆತಾಯಿ ಪಕ್ಕದ ಕುರ್ಚಿಯಲ್ಲಿ ಕೂರಬಾರದು. ಕೂರಲು ಬಿಡುವ ಕೇಂದ್ರಕ್ಕೆ ನಮ್ಮ ಲೆಕ್ಕದಲ್ಲಿ ಒಂದು ಅಂಕ ಖೋತಾ.

ಭಾಷೆಯದು ಇದಕ್ಕಿಂತ ದೊಡ್ಡ ತೊಡಕು. ಪ್ರಶ್ನೆಗಳು ಇಂಗ್ಲಿಷಿನಲ್ಲಿ, ಹೊರದೇಶದ ಬದುಕಿನಿಂದ ಬಂದಿರುತ್ತವೆ. ‘ಷೇರು, ಬಾಂಡು ಕೊಳ್ಳುವುದು, ಮಾರುವುದು’ ಎಂಬ ಪ್ರಶ್ನೆಗೆ ಜಗಳೂರು ಕಡೆಯ ಕನ್ನಡ ಮಾಧ್ಯಮದ ಹುಡುಗ ‘ಗೊತ್ತಿಲ್ಲ’ ಎಂದು ಗುರುತು ಹಾಕುತ್ತಾನೆ. ಆ ಹುಡುಗನಿಗೆ ವ್ಯಾಪಾರದಲ್ಲಿ ಆಸಕ್ತಿ ಇಲ್ಲ ಎಂದು ರಿಪೋರ್ಟು ಬರೆದುಬಿಡುತ್ತದೆ. ತಿಳಿದ ಕೌನ್ಸೆಲರ್ ಅಲ್ಲೇ ನಿಲ್ಲಿಸಿ ಕೇಳುತ್ತಾರೆ: ‘ಎಪಿಎಂಸಿಗೆ ಹೋಗಿ ಮೆಕ್ಕೆಜೋಳದ ರೇಟು ನೋಡಿ, ಇವತ್ತು ಕೊಳ್ಳೋದಾ ನಾಳೆವರೆಗೆ ಕಾಯೋದಾ ಅಂತ ಲೆಕ್ಕ ಹಾಕೋ ಕೆಲಸ ಕೊಟ್ಟರೆ ಮಾಡ್ತೀಯೇನಪ್ಪ?’ ಹುಡುಗನ ಮುಖ ನೋಡಿದರೆ ಉತ್ತರ ಗೊತ್ತಾಗುತ್ತದೆ. ಒಂದೊಂದು ಪ್ರಶ್ನೆಯನ್ನೂ ಹೀಗೆ ಕನ್ನಡದಲ್ಲಿ ಬಿಡಿಸಿ ಕೇಳಲು ಮುಕ್ಕಾಲು ಗಂಟೆ ಹಿಡಿಯುತ್ತದೆ. ಟ್ಯಾಬ್ ಕೈಗೆ ಕೊಟ್ಟು ಕಾಲು ಗಂಟೆಯಲ್ಲಿ ಮುಗಿಸುವವರು ಈ ಕೆಲಸ ಮಾಡಿಲ್ಲ ಎಂದೇ ಅರ್ಥ.

ಫಲಿತಾಂಶ ಓದುವಾಗ ಮೊದಲ ಸ್ಥಾನಕ್ಕಿಂತ ಅಂತರ ನೋಡಿ. ಆರು ವಿಭಾಗಕ್ಕೆ 36, 29, 17, 14, 12, 9 ಬಂದಿದ್ದರೆ ಮಗುವಿಗೆ ಏನು ಬೇಕು, ಏನು ಬೇಡ ಎಂಬುದು ಸ್ಪಷ್ಟವಿದೆ. 27, 26, 26, 25, 24, 24 ಬಂದಿದ್ದರೆ ಆ ಟೆಸ್ಟು ಏನನ್ನೂ ಹೇಳಿಲ್ಲ. ಮಗು ಎಲ್ಲದಕ್ಕೂ ಹೆಚ್ಚುಕಡಿಮೆ ಒಂದೇ ಬಗೆಯ ಉತ್ತರ ಒತ್ತಿದೆ, ಅಥವಾ ಎಷ್ಟೋ ಕೆಲಸಗಳನ್ನು ಇನ್ನೂ ಕಂಡೇ ಇಲ್ಲ. ಇಂಥ ರಿಪೋರ್ಟಿನ ಮೇಲೆ ‘27 ಶೋಧನೆಗೆ ಬಂದಿದೆ, ಬಿಎಸ್‌ಸಿ ಮಾಡಿಸಿ’ ಎನ್ನುವವರನ್ನು ನಂಬಬೇಡಿ. ಒಂದು ಅಂಕದ ಅಂತರಕ್ಕೆ ಬೆಲೆಯಿಲ್ಲ.

ಸಾಮರ್ಥ್ಯದ ಟೆಸ್ಟು ಬೇರೆ. ಅಲ್ಲಿ ಸರಿ ತಪ್ಪು ಉಂಟು, ಗಡಿಯಾರ ಉಂಟು. ಭಾಷೆ, ಅಂಕಿ, ತರ್ಕ, ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವುದು, ಯಂತ್ರದ ತಿಳಿವಳಿಕೆ ಹೀಗೆ ಹಲವು ತುಂಡುಗಳಿದ್ದು ಒಟ್ಟು ಒಂದೂವರೆ ಎರಡು ಗಂಟೆ ಬೇಕು. ಬೆಳಿಗ್ಗೆ ಮಾಡಿಸಬೇಕು. ಊರಿಂದ ಬಸ್ಸಿನಲ್ಲಿ ನಿಂತು ಬಂದು, ಮಧ್ಯಾಹ್ನ ಊಟ ಮಾಡಿ ಕೂತ ಮಗುವಿಗೆ ತರ್ಕದ ತುಂಡಿನಲ್ಲಿ ಅಂಕ ಬೀಳುವುದು ಸಾಮರ್ಥ್ಯದ ಕೊರತೆಯಿಂದಲ್ಲ. ಅಂಕವನ್ನು ಪರ್ಸೆಂಟೈಲ್‌ನಲ್ಲಿ ಕೊಡುತ್ತಾರೆ. 55 ಎಂದು ಬರೆದಿದ್ದನ್ನು ಮನೆಯವರು 100ಕ್ಕೆ 55 ಮಾರ್ಕ್ಸು ಎಂದು ಓದಿಕೊಂಡು ಕಂಗಾಲಾಗುತ್ತಾರೆ. ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ 55 ಮಂದಿ ಇವನಿಗಿಂತ ಹಿಂದಿದ್ದಾರೆ, ಅದರ ಅರ್ಥ ಅಷ್ಟೇ. ಆ ನೂರು ಮಂದಿ ಯಾರು ಎಂಬುದೇ ಕೇಳಬೇಕಾದ ಪ್ರಶ್ನೆ. ಮಹಾನಗರದ ಇಂಗ್ಲಿಷ್ ಮಾಧ್ಯಮದ ಮಕ್ಕಳ ಜೊತೆ ಹೋಲಿಸಿದ ಟೇಬಲ್ಲಾದರೆ ಮೊಳಕಾಲ್ಮೂರಿನ ಹುಡುಗಿಯ ‘ಭಾಷಾ ಸಾಮರ್ಥ್ಯ’ ಕೆಳಗೇ ಬರುತ್ತದೆ. ಅಳೆದದ್ದು ಅವಳ ಇಂಗ್ಲಿಷನ್ನು, ಭಾಷೆಯ ಶಕ್ತಿಯನ್ನಲ್ಲ. ಅಂಕಿ, ಆಕಾರ, ತರ್ಕದ ತುಂಡುಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇವೆ ಎಂದು ತಾವಾಗಿಯೇ ಹೇಳುವ ಕೌನ್ಸೆಲರ್ ಸಿಕ್ಕರೆ ಅವರ ಹತ್ತಿರ ಮುಂದಿನ ಮಾತುಕತೆಗೂ ಕೂರಬಹುದು.

ಮಾತುಕತೆ: ದುಡ್ಡು ಕೊಡಬೇಕಾದ್ದು ಇದಕ್ಕೆ

ಒಳ್ಳೆಯ ಸಲಹೆಗೆ ಎರಡು ಸಿಟ್ಟಿಂಗ್ ಬೇಕು. ಮೊದಲನೆಯದರಲ್ಲಿ ಕನಿಷ್ಠ ಅರ್ಧ ಗಂಟೆ ಮಗು ಒಂಟಿಯಾಗಿ, ಎರಡನೆಯದರಲ್ಲಿ ಮನೆಯವರೂ ಜೊತೆಗೆ. ನಡುವೆ ಒಂದು ವಾರ ಅಂತರ, ಆ ವಾರಕ್ಕೆ ಮಗುವಿಗೆ ಮನೆಗೆಲಸ. ಈ ಮನೆಗೆಲಸ ಕೊಡುವವರು ಕಡಿಮೆ. ಕೊಡುವವರಿಗೆ ಫೀಸು ಸ್ವಲ್ಪ ಹೆಚ್ಚಾದರೂ ಕೊಡಿ.

ಇಷ್ಟ ಎಂಬುದು ಮೂರು ಬಗೆಯಲ್ಲಿ ಹುಟ್ಟುತ್ತದೆ. ಪಾಠ ಮಾಡಿದ ಮಾಸ್ತರು ಇಷ್ಟವಾದದ್ದು ಒಂದು, ಆ ವಿಷಯದಲ್ಲಿ ಮಾರ್ಕ್ಸು ಬರುತ್ತದೆಂದು ಇಷ್ಟವಾದದ್ದು ಇನ್ನೊಂದು, ವಿಷಯವೇ ಇಷ್ಟವಾದದ್ದು ಮತ್ತೊಂದು. ಮೊದಲಿನ ಎರಡೂ ಸುಳ್ಳಲ್ಲ, ಆದರೆ ಮೂರು ವರ್ಷ ನಿಲ್ಲುವುದು ಕಷ್ಟ. ಯಾವುದು ಎಂದು ಪತ್ತೆ ಮಾಡಲು ಕೆಲವು ಸರಳ ಪ್ರಶ್ನೆಗಳು ಸಾಕು. ಸಿಲಬಸ್ಸಿನಲ್ಲಿ ಇಲ್ಲದ್ದನ್ನು ಏನಾದರೂ ಓದಿದ್ದೀಯಾ? ಈ ವಿಷಯದ ಬಗ್ಗೆ ಯಾರ ಹತ್ತಿರ ವಾದ ಮಾಡಿದ್ದೀಯಾ? ಇದರಲ್ಲಿ ಬೇಸರ ತರಿಸುವ ಭಾಗ ಯಾವುದು ಹೇಳು? ಕೊನೆಯದಕ್ಕೆ ಉತ್ತರ ಬರದಿದ್ದರೆ ಮಗುವಿಗೆ ಆ ವಿಷಯದ ಪರಿಚಯ ಇನ್ನೂ ಹೊಸಿಲಿನವರೆಗೆ ಮಾತ್ರ ಆಗಿದೆ.

ಮನೆಗೆಲಸ ಆ ಬೇಸರದ ಭಾಗಕ್ಕೇ ಸೇರಿರಬೇಕು. ಇತಿಹಾಸ ಬೇಕೆನ್ನುವವರಿಗೆ ಕೋಟೆಯ ರೋಮಾಂಚಕ ಕಥೆ ಓದಲು ಕೊಡುವುದರಲ್ಲಿ ಅರ್ಥವಿಲ್ಲ. ಚಂದ್ರವಳ್ಳಿಯ ಮಯೂರಶರ್ಮನ ಶಾಸನದ ಪಾಠವನ್ನೋ ಬ್ರಹ್ಮಗಿರಿಯ ಅಶೋಕನ ಶಾಸನದ ಅನುವಾದವನ್ನೋ ಕೈಗೆ ಕೊಟ್ಟು, ಇದರಿಂದ ಖಚಿತವಾಗಿ ಏನು ಹೇಳಬಹುದು, ಏನನ್ನು ಹೇಳಲಾಗದು ಎಂದು ಎರಡು ಪಟ್ಟಿ ಮಾಡಿಸಬೇಕು. ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದಾಗ ಅವರ ಮುಂದಿದ್ದುದು ಬಹುಪಾಲು ಮಡಕೆ ಚೂರುಗಳು ಮತ್ತು ಮಣ್ಣಿನ ಪದರಗಳು. ಚೂರು ಎಣಿಸಿ, ಪದರ ಗುರುತಿಸಿ, ಪಟ್ಟಿ ಬರೆಯುವುದು ಖುಷಿ ಕೊಟ್ಟರೆ ಆ ಮಗುವಿನ ಇಷ್ಟ ಗಟ್ಟಿ.

ಭೂವಿಜ್ಞಾನ ಕೇಳುವ ಮಕ್ಕಳಿಗೆ ಚಿತ್ರದುರ್ಗ ಜಿಲ್ಲೆಗಿಂತ ಒಳ್ಳೆಯ ಪ್ರಯೋಗಶಾಲೆ ಸಿಗುವುದು ಅಪರೂಪ. ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಶಿಲೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನೀರಿನಡಿಯಲ್ಲಿ ಉಕ್ಕಿದ ಲಾವಾ ಹೊರಮೈ ತಟ್ಟನೆ ತಣಿದು ಹಾಗೆ ಉಂಡೆಗಟ್ಟಿದೆ. ಅಲ್ಲಿ ನಿಂತು ಫೋಟೋ ತೆಗೆಯುವುದು ಎಲ್ಲರಿಗೂ ಇಷ್ಟವೇ. ಬಿಸಿಲಲ್ಲಿ ಎರಡು ಗಂಟೆ ಕೂತು ಒಂದೊಂದು ಉಂಡೆಯ ಉದ್ದಗಲ ಅಳೆದು, ಅಂಚಿನ ಪದರ ಎಷ್ಟು ದಪ್ಪ, ಗುಂಡನೆಯ ಬೆನ್ನು ಯಾವ ಕಡೆಗಿದೆ ಎಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬಿಡಿಸಲಿ. ಸ್ಮಾರಕವಾದ್ದರಿಂದ ಸುತ್ತಿಗೆ ಮುಟ್ಟಿಸುವಂತಿಲ್ಲ, ಕಣ್ಣು, ಸ್ಕೇಲು, 10 ಪಟ್ಟು ದೊಡ್ಡದಾಗಿ ತೋರಿಸುವ ಚಿಕ್ಕ ಲೆನ್ಸು ಸಾಕು.

ಮನಶ್ಶಾಸ್ತ್ರ ಕೇಳುವವರು ಬಹಳ. ‘ಜನರ ಜೊತೆ ಮಾತಾಡೋದು ಇಷ್ಟ’ ಎಂದು ಬರುತ್ತಾರೆ, ಪದವಿಯಲ್ಲಿ ಸಂಖ್ಯಾಶಾಸ್ತ್ರ ಎದುರಾದಾಗ ಬೆಚ್ಚುತ್ತಾರೆ. ಅವರಿಗೆ ಮೀನ್ (ಸರಾಸರಿ), ಸ್ಟ್ಯಾಂಡರ್ಡ್ ಡೀವಿಯೇಷನ್ ಲೆಕ್ಕ ಹತ್ತು ಕೊಟ್ಟು ನೋಡಬೇಕು. ಕನ್ನಡ ಸಾಹಿತ್ಯ ಕೇಳುವವರಿಗೆ ಹಳಗನ್ನಡದ ಒಂದು ಕಂದಪದ್ಯ ಕೊಟ್ಟು ಪ್ರಸ್ತಾರ ಹಾಕಿ, ಅನ್ವಯ ಮಾಡಿ ತರಲು ಹೇಳಬೇಕು. ಚಿತ್ರಕಲೆಯವರಿಗೆ ಒಂದೇ ಕೊಡ, ಏಳು ದಿನ, ಏಳು ಬೆಳಕಿನಲ್ಲಿ ಪೆನ್ಸಿಲ್ ಸ್ಟಡಿ. ದಾವಣಗೆರೆಯಲ್ಲೇ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯ ಇದೆ. ಅಲ್ಲಿನ ಪದವಿ ಬಿವಿಎ ನಾಲ್ಕು ವರ್ಷದ ಓದು, ಬಣ್ಣ, ಕ್ಯಾನ್ವಾಸಿನ ಖರ್ಚು ಪ್ರತಿ ಸೆಮಿಸ್ಟರಿಗೂ ಬರುತ್ತದೆ. ಆ ಖರ್ಚನ್ನು ಫೀಸಿನ ಜೊತೆ ಸೇರಿಸದ ಕೌನ್ಸೆಲರ್ ಲೆಕ್ಕ ಅರ್ಧವೇ ಹೇಳಿದ್ದಾರೆ.

ವಾರ ಕಳೆದು ಮಗು ವಾಪಸ್ ಬಂದಾಗ ಕೆಲಸ ಎಷ್ಟು ಚೆನ್ನಾಗಿದೆ ಎಂಬುದು ಮುಖ್ಯವಲ್ಲ. ಹೇಳಿದ್ದಕ್ಕಿಂತ ಹೆಚ್ಚು ಮಾಡಿದೆಯೇ, ಮಾಡುವಾಗ ಹೊತ್ತು ಹೋದದ್ದು ಗೊತ್ತಾಯಿತೇ ಎಂದು ನೋಡಬೇಕು. ಅರ್ಧಕ್ಕೆ ಬಿಟ್ಟುಬಂದರೆ ಬೈಯಬೇಕಾಗಿಲ್ಲ, ಮೂರು ವರ್ಷದ ಬದಲು ಒಂದೇ ವಾರದಲ್ಲಿ ತಿಳಿದದ್ದು ಲಾಭ.

ಬಾಗಿಲುಗಳ ಪಟ್ಟಿ

ಎರಡನೆಯ ಸಿಟ್ಟಿಂಗ್ ಮುಗಿದಾಗ ಕೈಗೆ ಒಂದೆರಡು ಪುಟದ ಬರಹ ಬರಬೇಕು. ಆ ವಿಷಯದಿಂದ ಯಾವ ಯಾವ ಕೆಲಸಕ್ಕೆ ಬಾಗಿಲಿದೆ, ಪ್ರತಿ ಬಾಗಿಲಿಗೆ ಏನು ಅರ್ಹತೆ, ಯಾವುದು ಈಗಲೇ ಮುಚ್ಚಿಹೋಗುತ್ತದೆ ಎಂಬುದು ಅದರಲ್ಲಿ ಇರಬೇಕು. ಹೆಚ್ಚಿನ ಪ್ಯಾಕೇಜುಗಳು ಸೋಲುವುದು ಇಲ್ಲೇ. ಐದು ಪುಟ ಗ್ರಾಫ್ ಇರುತ್ತದೆ, ಕಾಂಬಿನೇಷನ್ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಕರ್ನಾಟಕದಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ, ಮೂರು ಪ್ರಧಾನ ವಿಷಯಕ್ಕೆ ಬಂದಿದೆ. ಇಷ್ಟವೋ ಸಂಪಾದನೆಯೋ ಎಂದು ಜಗಳವಾಡುವ ಮನೆಗೆ ಇದು ದೊಡ್ಡ ಅನುಕೂಲ. ಒಂದು ಇಷ್ಟದ ವಿಷಯ, ಪಕ್ಕದ ಎರಡು ಉದ್ಯೋಗಕ್ಕೆ ಒದಗುವಂಥವು ಎಂದು ಹೊಂದಿಸಬಹುದು. ಇತಿಹಾಸದ ಜೊತೆ ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಇದ್ದರೆ ಸ್ಪರ್ಧಾತ್ಮಕ ಪರೀಕ್ಷೆಗೂ ಆಯಿತು, ಬಿ.ಇಡಿ.ಯ ಸಮಾಜ ವಿಜ್ಞಾನ ಬೋಧನೆಗೂ ಆಯಿತು. ಶಿಕ್ಷಕರ ನೇಮಕಾತಿಯಲ್ಲಿ ಪದವಿಯಲ್ಲಿ ಯಾವ ಯಾವ ವಿಷಯ ಜೊತೆಗೂಡಿ ಓದಿದ್ದೀರಿ ಎಂದು ನೋಡುತ್ತಾರೆ. ಹೊಂದದ ಕಾಂಬಿನೇಷನ್ ಎಂದು ಅರ್ಜಿ ತಿರಸ್ಕಾರವಾದರೆ ಎಷ್ಟೇ ಮಾರ್ಕ್ಸಿದ್ದರೂ ಕೆಲಸಕ್ಕೆ ಬಾರದು. ಪ್ರವೇಶಕ್ಕೆ ಮೊದಲು ಹಿಂದಿನ ನೇಮಕಾತಿ ಅಧಿಸೂಚನೆ ತೆರೆದು ಅರ್ಹತೆಯ ಕಾಲಂ ಓದಿ ತೋರಿಸುವುದು ಕೌನ್ಸೆಲರ್ ಕೆಲಸ.

ಇನ್ನೊಂದು ಎಡವಟ್ಟು: ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ವಿಷಯ ಇದೆ ಎಂದರೆ ನಿಮ್ಮೂರಿನ ಕಾಲೇಜಿನಲ್ಲಿ ಇದೆ ಎಂದಲ್ಲ. ಎರಡೂ ಜಿಲ್ಲೆಯ ಪದವಿ ಕಾಲೇಜುಗಳು 2009ರಲ್ಲಿ ಆರಂಭವಾದ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ, ಆದರೆ ವಿದ್ಯಾರ್ಥಿಗಳು ತೀರಾ ಕಡಿಮೆಯಾದರೆ ಕಾಲೇಜು ಆ ಕಾಂಬಿನೇಷನ್ನನ್ನು ಆ ವರ್ಷ ನಡೆಸದೇ ಇರಬಹುದು. ಕಳೆದ ವರ್ಷ ಎಷ್ಟು ಮಂದಿ ಇದ್ದರು, ಖಾಯಂ ಉಪನ್ಯಾಸಕರಿದ್ದಾರೋ ಇಲ್ಲವೋ ಎಂದು ಪ್ರಿನ್ಸಿಪಾಲರ ಕಚೇರಿಯಲ್ಲೇ ಕೇಳಿ. ಪದವಿ ಪ್ರವೇಶದ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಅರ್ಜಿ ತುಂಬುವ ಮುನ್ನ ಈ ಕೆಲಸ ಮುಗಿದಿರಬೇಕು. ಮತ್ತೆ, ವಿಜ್ಞಾನ ಓದಿದವರು ಪದವಿಯಲ್ಲಿ ಕಲೆಗೆ ಬರಬಹುದು, ಕಲೆ ಓದಿದವರು ಭೌತಶಾಸ್ತ್ರಕ್ಕೆ ಹೋಗಲಾರರು. ಹತ್ತನೆಯ ತರಗತಿಯಲ್ಲೇ ಸಲಹೆಗೆ ಬಂದವರಿಗೆ ಈ ಒಂದು ಮಾತು ಹೇಳಿದರೂ ಫೀಸು ತೀರುತ್ತದೆ.

ಮುಂದಿನ ಬಾಗಿಲುಗಳಲ್ಲಿ ಕಾಲೇಜು ಅಧ್ಯಾಪನಕ್ಕೆ ಹೋಗುವವರಿಗೆ ಎಂಎ ಅಥವಾ ಎಂಎಸ್‌ಸಿಯಲ್ಲಿ ಶೇ 55 ಬೇಕು, ಮೀಸಲು ವರ್ಗಗಳಿಗೆ ಶೇ 50. ಆಮೇಲೆ ಯುಜಿಸಿ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ. ನೆಟ್‌ನಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕಿ ಪಿಎಚ್.ಡಿ.ಗೆ ಸೇರಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000, ಮನೆ ಬಾಡಿಗೆ ಭತ್ಯೆ ಬೇರೆ. ಇತಿಹಾಸವೋ ಕನ್ನಡವೋ ಓದಿ ಸಂಬಳವೇ ಇಲ್ಲ ಎನ್ನುವ ಮನೆಯವರಿಗೆ ಈ ಅಂಕಿ ಗೊತ್ತಿರುವುದಿಲ್ಲ. ಅದೇ ಉಸಿರಿನಲ್ಲಿ ಇನ್ನೊಂದನ್ನೂ ಹೇಳಬೇಕು. ಜೆಆರ್‌ಎಫ್ ಸಿಗುವುದು ಪರೀಕ್ಷೆ ಬರೆದವರಲ್ಲಿ ಚಿಕ್ಕ ಪಾಲಿಗೆ, ಖಾಯಂ ಹುದ್ದೆಯ ನೇಮಕಾತಿಗೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ, ನಡುವಿನ ಅತಿಥಿ ಉಪನ್ಯಾಸಕರ ಕೆಲಸ ವರ್ಷ ವರ್ಷ ನವೀಕರಣದ ಮೇಲೆ ನಿಂತಿರುತ್ತದೆ. ಭೂವಿಜ್ಞಾನದಲ್ಲಿ ಎಂಎಸ್‌ಸಿ ಮುಗಿಸಿದವರಿಗೆ ಕೇಂದ್ರ ಲೋಕಸೇವಾ ಆಯೋಗದ ಸಂಯುಕ್ತ ಭೂವಿಜ್ಞಾನಿ ಪರೀಕ್ಷೆ ಇದೆ. ಬರೀ ಬಿಎಸ್‌ಸಿಗೆ ಆ ಬಾಗಿಲು ತೆರೆಯದು, ಹಾಗಾಗಿ ಮನೆಯವರು ಐದು ವರ್ಷಕ್ಕೆ ತಯಾರಿರಬೇಕು. ಎರಡೂ ಮುಖ ತೋರಿಸಿದ ಸಲಹೆಯೇ ಪ್ರಾಮಾಣಿಕ.

ದುಡ್ಡಿನ ಲೆಕ್ಕ ತಂದೆತಾಯಿಯ ಎದುರೇ ಆಗಲಿ

ಸಂಬಳದ ಆಸೆಗೆ ಬೇಡದ ಕೋರ್ಸು ಓದಿಸುವುದಕ್ಕೂ ಖರ್ಚಿದೆ, ಅದನ್ನು ಯಾರೂ ಕಾಗದದ ಮೇಲೆ ಬರೆಯುವುದಿಲ್ಲ. ಉದಾಹರಣೆಗೆ ವೃತ್ತಿಪರ ಕೋರ್ಸಿಗೆ ವರ್ಷಕ್ಕೆ 1.5 ಲಕ್ಷದಂತೆ ನಾಲ್ಕು ವರ್ಷಕ್ಕೆ 6 ಲಕ್ಷ ಸಾಲ, ಬಡ್ಡಿ ಶೇ 10 ಎಂದುಕೊಳ್ಳಿ. ಓದುವ ಅವಧಿ ಮತ್ತು ನಂತರದ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಸರಳ ಬಡ್ಡಿ ಓಡುತ್ತಿರುತ್ತದೆ. ಅದೇ ಸುಮಾರು 2.1 ಲಕ್ಷ. ಕಂತು ಶುರುವಾಗುವ ದಿನ ಬಾಕಿ 8.1 ಲಕ್ಷ, ಏಳು ವರ್ಷಕ್ಕೆ ತೀರಿಸಲು ತಿಂಗಳಿಗೆ ಸುಮಾರು 13,450 ರೂಪಾಯಿ. ಒಲ್ಲದ ಮನಸ್ಸಿನಿಂದ ಓದಿ, ಎರಡು ಬ್ಯಾಕ್‌ಲಾಗ್ ಉಳಿಸಿಕೊಂಡು, ಕ್ಯಾಂಪಸ್ ಸೆಲೆಕ್ಷನ್ನಿಗೆ ಅರ್ಹತೆಯೇ ಸಿಗದ ಹುಡುಗ ಈ ಕಂತು ಹೇಗೆ ಕಟ್ಟುತ್ತಾನೆ ಎಂದು ಕೌನ್ಸೆಲರ್ ಕೇಳಬೇಕು.

ಇನ್ನೊಂದು ಕಡೆ, ಸರ್ಕಾರಿ ಪದವಿ ಕಾಲೇಜಿನ ಬಿಎ, ಬಿಎಸ್‌ಸಿಗೆ ಫೀಸು ವರ್ಷಕ್ಕೆ ಕೆಲವೇ ಸಾವಿರ. ದೊಡ್ಡ ಖರ್ಚು ಊಟ, ವಸತಿಯದು. ಹಿಂದುಳಿದ ವರ್ಗದ, ಸರ್ಕಾರಿ ಹಾಸ್ಟೆಲ್ ಸಿಗದ ಅರ್ಹ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರದ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ ಇಷ್ಟೆಂದು 10 ತಿಂಗಳು ಹಣ ಬರುತ್ತದೆ. ಅರ್ಜಿ ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಇಲ್ಲಿ ಹಣ ನಿಲ್ಲುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ: ಆಧಾರ್‌ನಲ್ಲಿ ಒಂದು ಹೆಸರು, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಹೆಸರು, ಅಥವಾ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದ್ದರೂ ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ಹಣ ಆ ಖಾತೆಗೇ ಜಮೆಯಾಗುವಂತೆ ಮಾಡುವ ನಮೂದು) ಆಗಿಲ್ಲ. ಮೇ ತಿಂಗಳಲ್ಲೇ ಬ್ಯಾಂಕಿಗೆ ಹೋಗಿ ಎರಡನೆಯದನ್ನು ಕೇಳಿ ಸರಿಪಡಿಸಿಕೊಳ್ಳಿ.

ಎಲ್ಲ ಮನೆಗೂ ಇಷ್ಟದ ವಿಷಯವೇ ಸರಿ ಎಂದು ನಾವು ಹೇಳುತ್ತಿಲ್ಲ. ಮನೆಯಲ್ಲಿ ದುಡಿಯುವವರು ಒಬ್ಬರೇ ಇದ್ದು, ಮೂರು ವರ್ಷದೊಳಗೆ ಮಗುವಿನ ಸಂಪಾದನೆ ಬೇಕೇ ಬೇಕು ಎಂದಾದರೆ ಐದು ವರ್ಷದ ದಾರಿ ಹಿಡಿಸುವುದು ಅನ್ಯಾಯ. ಅಂಥಲ್ಲಿ ಮೂರು ಪ್ರಧಾನ ವಿಷಯಗಳಲ್ಲಿ ಒಂದಾಗಿ ಇಷ್ಟವನ್ನು ಉಳಿಸಿಕೊಂಡು, ಪದವಿಯ ಅರ್ಹತೆಯ ಹುದ್ದೆಗಳಿಗೆ ಕೊನೆಯ ವರ್ಷದಿಂದ ತಯಾರಿ ನಡೆಸುವ ಯೋಜನೆ ಬೇಕು. ಕೆಲಸ ಸಿಕ್ಕ ಮೇಲೆ ದೂರಶಿಕ್ಷಣದಲ್ಲಿ ಎಂಎ ಮಾಡಬಹುದು. ಇದನ್ನು ಸೋಲು ಎಂದು ಮಗುವಿನ ಮುಂದೆ ಆಡದಿರುವ ಕೌನ್ಸೆಲರ್ ಬೇಕು.

‘ಉಚಿತ’ ಸಲಹೆ

ಇದಕ್ಕೆ ಹೆಚ್ಚು ಮಾತು ಬೇಡ. ಫೀಸು ತೆಗೆದುಕೊಳ್ಳದವರಿಗೆ ಬೇರೆ ಕಡೆಯಿಂದ ಕಮಿಷನ್ ಬರುತ್ತಿರಬಹುದು. ನಿಮ್ಮ ಪ್ರಶ್ನೆ ಏನೇ ಇರಲಿ, ಉತ್ತರ ಹೊರ ಊರಿನ ಒಂದೇ ಕಾಲೇಜಿಗೆ ಬಂದು ನಿಂತರೆ, ‘ಇವತ್ತೇ ಅಡ್ವಾನ್ಸ್ ಕಟ್ಟಿದರೆ ಸೀಟು’ ಎಂದರೆ, ಎದ್ದು ಬನ್ನಿ. ಮೂಲ ಮಾರ್ಕ್ಸ್ ಕಾರ್ಡು, ಟಿಸಿ ಯಾವ ಏಜೆಂಟನ ಕೈಗೂ ಕೊಡಬೇಡಿ. ಈಗಾಗಲೇ ಕಾಲೇಜಿಗೆ ಹಣ ಕಟ್ಟಿ ಮನಸ್ಸು ಬದಲಾಗಿದ್ದರೆ ಯುಜಿಸಿಯ 2018ರ ನಿಯಮ ನೆನಪಿರಲಿ: ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಬಿಟ್ಟರೆ ಪೂರ್ತಿ ಶುಲ್ಕ ವಾಪಸ್, ಸಂಸ್ಕರಣಾ ವೆಚ್ಚವೆಂದು ಶೇ 5, ಗರಿಷ್ಠ 5,000 ರೂಪಾಯಿ ಮಾತ್ರ ಹಿಡಿಯಬಹುದು. ತಡವಾದಷ್ಟೂ ಶೇ 90, 80, 50 ಎಂದು ಇಳಿಯುತ್ತದೆ, ಕೊನೆಯ ದಿನ ಕಳೆದು 30 ದಿನ ದಾಟಿದರೆ ಏನೂ ಇಲ್ಲ. ಅರ್ಜಿ ಲಿಖಿತವಾಗಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ತೀರ್ಪು

ಬೆರಳಚ್ಚಿಗೆ ಐದರಲ್ಲಿ ಸೊನ್ನೆ. ಬರೀ ಆನ್‌ಲೈನ್ ಟೆಸ್ಟು ಮತ್ತು ರಿಪೋರ್ಟಿಗೆ ಒಂದೂವರೆ, ಅದೂ ಪುಕ್ಕಟೆ ಸಿಗುವುದರಿಂದ ದುಡ್ಡು ಕೊಡಬೇಡಿ. ಕನ್ನಡದಲ್ಲಿ ಬಿಡಿಸಿ ಕೇಳುವ ಟೆಸ್ಟು, ಎರಡು ಸಿಟ್ಟಿಂಗ್, ವಾರದ ಮನೆಗೆಲಸ, ಬಾಗಿಲುಗಳ ಪಟ್ಟಿ, ಸಾಲದ ಲೆಕ್ಕ ಇಷ್ಟೂ ಇರುವ ಸಲಹೆಗೆ ನಾಲ್ಕೂವರೆ. ಫಲಿತಾಂಶ ಬಂದು ಸೀಟು ಹಂಚಿಕೆ ಮುಗಿಯುವವರೆಗೆ ಫೋನಿಗೆ ಸಿಗುತ್ತಾರೆ ಎಂದಾದರೆ ಉಳಿದ ಅರ್ಧವೂ ಸೇರಲಿ.

ಕೊಡಲು ದುಡ್ಡಿಲ್ಲದ ಮನೆಗಳು ಕೈಚೆಲ್ಲಬೇಕಿಲ್ಲ. ಓನೆಟ್ ಪ್ರಶ್ನೆಗಳನ್ನು ಇಂಗ್ಲಿಷ್ ಮಾಸ್ತರೊಬ್ಬರ ಜೊತೆ ಕೂತು ಕನ್ನಡದಲ್ಲಿ ಕೇಳಿಸಿಕೊಳ್ಳಬಹುದು. ವಿಶ್ವವಿದ್ಯಾಲಯದ ತಾಣದಲ್ಲಿ ಸಿಲಬಸ್ ಇಳಿಸಿಕೊಂಡು ಹಳೆಯ ಪ್ರಶ್ನೆಪತ್ರಿಕೆ ನೋಡಬಹುದು. ತೋಳಹುಣಸೆಯ ಕ್ಯಾಂಪಸ್ಸಿಗೋ ಹತ್ತಿರದ ಸರ್ಕಾರಿ ಕಾಲೇಜಿಗೋ ಹೋಗಿ, ಆ ವಿಷಯದ ಉಪನ್ಯಾಸಕರ ಅನುಮತಿ ಪಡೆದು ಒಂದು ತರಗತಿಯ ಕೊನೆಯ ಬೆಂಚಿನಲ್ಲಿ ಕೂರಬಹುದು. ಕೇಳಿದರೆ ಬೇಡ ಎನ್ನುವ ಮೇಷ್ಟರು ಕಡಿಮೆ. ಅಂತಿಮ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಹಿಡಿದು ‘ಸೀನಿಯರ್‌ಗಳು ಈಗೆಲ್ಲಿದ್ದಾರೆ ಅಣ್ಣಾ’ ಎಂದು ಕೇಳಿ, ಹೆಸರು ಊರು ಸಮೇತ ಬರೆದುಕೊಳ್ಳಿ.

ದುಡ್ಡು ಕೊಟ್ಟು ಹೋಗುವವರು ಫಲಿತಾಂಶದ ಮರುದಿನದ ಗದ್ದಲದಲ್ಲಿ ಹೋಗಬೇಡಿ. ಪರೀಕ್ಷೆ ಮುಗಿದು ಫಲಿತಾಂಶ ಬರುವ ನಡುವಿನ ವಾರಗಳು ಒಳ್ಳೆಯವು, ಮಾರ್ಕ್ಸಿನ ನೆರಳಿಲ್ಲದೆ ಮಾತಾಡಬಹುದು, ಮನೆಗೆಲಸಕ್ಕೂ ಸಮಯ ಸಿಗುತ್ತದೆ. ಎಸ್‌ಎಸ್‌ಎಲ್‌ಸಿ ಮತ್ತು ಪ್ರಥಮ ಪಿಯುಸಿ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್, ಜಾತಿ ಆದಾಯ ಪ್ರಮಾಣಪತ್ರದ ಜೆರಾಕ್ಸ್, ವರ್ಷಕ್ಕೆ ಮನೆಯಿಂದ ಎಷ್ಟು ಕೊಡಬಲ್ಲೆವು ಎಂದು ಬರೆದ ಒಂದು ಚೀಟಿ ಜೊತೆಗಿರಲಿ. ಫೀಸು ಕೊಡುವ ಮುನ್ನ ಪ್ಯಾಕೇಜಿನಲ್ಲಿ ಏನೇನಿದೆ ಎಂದು ರಸೀದಿಯ ಮೇಲೇ ಬರೆಸಿಕೊಳ್ಳಿ, ಎಷ್ಟು ಸಿಟ್ಟಿಂಗ್ ಎಂಬುದನ್ನು ಅಂಕಿಯಲ್ಲಿ.